ಮೈಕಕ್ಕ ಕಂಡ ಅರ್ಧ ಮಾತು

ಓಣಿಯಲ್ಲಿ ಅವಳಿಗೆ ಮೈಕಕ್ಕ ಅಂತಲೇ ಹೆಸರು. ಗಂಡನನ್ನು ಊಟಕ್ಕೆ ಕರೆದರೆ ಮೂರನೇ ಮನೆಯವನೂ ಎದ್ದು ಕೈ ತೊಳೆದುಕೊಳ್ಳುತ್ತಿದ್ದ. ನಗುವವರು ಅವಳ ಹಾಗೆ ಇಪ್ಪತ್ತಾರು ವರ್ಷ ಮಿಲ್ಲಿನಲ್ಲಿ ಮಗ್ಗ ಓಡಿಸಿ ಬಂದು ಆಮೇಲೆ ನಗಲಿ. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಕಿವಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಲ್ಲಿನ ಹೆಂಗಸರು ದನಿ ಹೊರಡಿಸದೆ, ಬಾಯಿ ಅಗಲಿಸಿ ಬರೀ ತುಟಿಯಲ್ಲಿ ಮಾತಾಡುತ್ತಿದ್ದರು, ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಮೈಕಕ್ಕನ ಎದುರು ಮಗ್ಗ ಅವಳ ಹಿರಿಯ ಓರಗಿತ್ತಿಯದು. ಮನೆಯ ದೂರು, ಗಂಡಂದಿರ ಸುಳ್ಳು, ಎಲ್ಲವೂ ಲಾಳಿಯ ಜೊತೆಗೇ ಅತ್ತಿಂದಿತ್ತ ಓಡುತ್ತಿದ್ದವು. ಮೇಸ್ತ್ರಿ ನಟ್ಟನಡುವೆ ನಿಂತಿದ್ದರೂ ಅವನನ್ನು ಬೈಯುವುದಕ್ಕೆ ಅಡ್ಡಿ ಇರಲಿಲ್ಲ.

ಮಿಲ್ಲಿಗೆ ಬೀಗ ಬಿತ್ತು. ಒಂಬತ್ತು ವರ್ಷ ಗಿಡಗಂಟಿ ಬೆಳೆಯಿತು. ಆಮೇಲೆ ಗೋಡೆ ಕೆಡವಿ, ಚಿಮಣಿ ಉರುಳಿಸಿ, ಅಲ್ಲಿ ಒಂದು ಭಾರಿ ಅಂಗಡಿ ಎಬ್ಬಿಸಿದರು. ಸೂಜಿಯಿಂದ ಸೋಫಾದವರೆಗೆ ಎಲ್ಲ ಒಂದೇ ಸೂರಿನಡಿ, ಮುಂದೆ ಸಾವಿರ ಕಾರು ನಿಲ್ಲುವಷ್ಟು ಜಾಗ. ಓಣಿಯಲ್ಲಿ ಎಷ್ಟು ಕಾರಿವೆ ಅಂತ ಯಾರೂ ಕೇಳಲಿಲ್ಲ. ಮಿಲ್ಲಿನ ಹಳಬರಿಗೆಲ್ಲ ಕೆಲಸ ಅಂದಿದ್ದವರು ಕೊಟ್ಟದ್ದು ಎಂಟು ಜನಕ್ಕೆ. ನಾಲ್ಕು ಮಗ್ಗ ಒಟ್ಟಿಗೆ ಆಳಿದ ಓರಗಿತ್ತಿಯ ಕೈಗೆ ನೆಲ ಒರೆಸುವ ಕೋಲು ಕೊಟ್ಟರು, ಪುಣ್ಯಾತ್ಮರು. ಮೈಕಕ್ಕನಿಗೆ ಬಟ್ಟೆ ವಿಭಾಗ ಸಿಕ್ಕಿತು. ಆರು ತಿಂಗಳು ನೋಡಿ ಆಮೇಲೆ ಕಾಯಂ ಅಂದರು. ಅವಳ ಗಂಡನ ಎದೆಯಲ್ಲಿ ಹತ್ತಿಯ ಧೂಳು ಕೂತಿತ್ತು, ನಾಲ್ಕು ಮೆಟ್ಟಿಲಿಗೆ ಏದುಸಿರು. ಈ ಕೆಲಸ ಉಳಿದರೆ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿ, ಈ ಹೊದಿಕೆ ಎರಡು ಒಗೆತಕ್ಕೆ ಮೀನಿನ ಬಲೆಯಾಗುತ್ತದೆ, ಆ ಮೂಲೆಯದು ತಗೊಳ್ಳಿ ಅನ್ನುತ್ತಿದ್ದಳು. ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ತೊಂದರೆ ಏನೆಂದರೆ, ಅವಳು ಹೇಳಿದ್ದು ಅಂಗಡಿಯ ಆ ತುದಿಯಲ್ಲಿ ಬಕೆಟ್ ಆರಿಸುತ್ತಿದ್ದವರಿಗೂ ಕೇಳಿಸುತ್ತಿತ್ತು. ಮೆಲ್ಲಗೆ ಮಾತಾಡಿ ಅಮ್ಮ ಅಂತ ಸಣ್ಣ ವಯಸ್ಸಿನ ಮ್ಯಾನೇಜರ್ ನಾಲ್ಕು ಸಲ ಹೇಳಿದ್ದ. ಆಗಲಪ್ಪ ಅಂತ ಅವಳು ಒಪ್ಪಿಕೊಂಡದ್ದೂ ಬೀದಿಗೆ ಕೇಳಿಸಿತ್ತು.

ಆರನೇ ತಿಂಗಳ ಕೊನೆಗೆ ಮೇಲಿನ ಆಫೀಸಿನಿಂದ ಸಾಹೇಬರು ಬಂದರು. ಅಂಗಡಿಯ ನಡುವೆ ಮ್ಯಾನೇಜರನಿಗೆ ನಾಲ್ಕೂ ಕಡೆ ಗಾಜಿನ ಕೋಣೆ. ಒಳಗೆ ಕೂತು ಎಲ್ಲರ ಮೇಲೂ ಕಣ್ಣಿಡಲಿ ಅಂತ ಕಟ್ಟಿಸಿದ್ದು. ಹೊರಗಿನವರಿಗೂ ಒಳಗಿನದು ಕಾಣುತ್ತದೆ ಅಂತ ಕಟ್ಟಿಸಿದವರಿಗೆ ಹೊಳೆದಿರಲಿಲ್ಲ. ಟವೆಲ್ ಮಡಿಸುತ್ತಿದ್ದ ಮೈಕಕ್ಕನಿಗೆ ಸಾಹೇಬರ ಮುಖ ಕಾಣುತ್ತಿತ್ತು, ಮ್ಯಾನೇಜರನ ಬೆನ್ನು ಕಾಣುತ್ತಿತ್ತು. ಸಾಹೇಬರ ತುಟಿ ಹೇಳಿತು: ಆ ದೊಡ್ಡ ಗಂಟಲಿನ ಹೆಂಗಸು ಯಾರ ಹಿಡಿತಕ್ಕೂ ಸಿಗುವವಳಲ್ಲ, ಇವತ್ತೇ ಕಳಿಸಿಬಿಡಿ. ಮ್ಯಾನೇಜರನ ತಲೆ ಅಲ್ಲಾಡಿತು. ಇವನೂ ಒಪ್ಪಿಬಿಟ್ಟ ಅಂದುಕೊಂಡಳು.

ಟವೆಲ್ ಎಸೆದು ಹೋಗಿ ಬಾಗಿಲು ತಳ್ಳಿದಳು.

"ಇವತ್ತೇ ಯಾಕೆ ಸಾಹೇಬ್ರೆ, ಈಗಲೇ ಕಳಿಸಿ. ನೀವು ಕೂತಿದ್ದೀರಲ್ಲ, ಅಲ್ಲಿ ನನ್ನ ಮಗ್ಗ ಇತ್ತು. ನೀವು ಹುಟ್ಟೋ ಮುಂಚೆಯಿಂದ ಇಲ್ಲಿ ದುಡಿದಿದ್ದೀನಿ. ನಾನು ಹಿಡಿತಕ್ಕೆ ಸಿಗಲ್ವಾ? ಮತ್ತೆ ನೀನು, ಅಮ್ಮ ಅಮ್ಮ ಅಂತ ಬೆಣ್ಣೆ ಹಚ್ಚಿ, ಇಲ್ಲಿ ಕೂತು ತಲೆ ಆಡಿಸ್ತೀಯಲ್ಲಪ್ಪ, ನಿನ್ನ..."

ಸಾಹೇಬರು ಬಿಳಿಚಿಕೊಂಡರು. ಒಳಗೆ ಆಡಿದ ಮಾತು ಹೊರಗೆ ಹೋದದ್ದು ಹೇಗೆ ಅಂತ ಸೂರು ನೋಡಿದರು. ಮ್ಯಾನೇಜರ್, ಪಾಪ, ಎದ್ದು ನಿಂತು ಸಮಾಧಾನ ಅನ್ನುವಂತೆ ಒಂದು ಕೈ ಎತ್ತಿದ. ಅಷ್ಟರಲ್ಲಿ ಸಾಹೇಬರ ತಲೆಯ ಹಿಂದೆ, ಆಚೆ ಬದಿಯ ಗಾಜಿಗೆ ಮೂಗು ಒತ್ತಿ ಓರಗಿತ್ತಿ ನಿಂತದ್ದು ಮೈಕಕ್ಕನ ಕಣ್ಣಿಗೆ ಬಿತ್ತು. ಆ ಕಡೆ ನೆಲ ಒರೆಸುತ್ತಿದ್ದವಳಿಗೆ ಅಷ್ಟು ಹೊತ್ತೂ ಕಂಡದ್ದು ಮ್ಯಾನೇಜರನ ಮುಖ. ದನಿ ಇಲ್ಲದೆ, ಬಾಯಿ ಅಗಲಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು:

"ಮುಚ್ಚೇ ಬಾಯಿ. ಅವನು ನಿನ್ನ ಪರ. ಕಳಿಸಲ್ಲ ಅಂದ."

ಕರೆಂಟು ಹೋದ ಮಗ್ಗದ ಹಾಗೆ ಮೈಕಕ್ಕ ನಿಂತುಬಿಟ್ಟಳು. ತೆರೆದ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು.

ಸಾಹೇಬರು ಮ್ಯಾನೇಜರನ ಎತ್ತಿದ ಕೈ ನೋಡಿದರು. ಅವಳ ಮುಚ್ಚಿದ ಬಾಯಿ ನೋಡಿದರು. ಮತ್ತೆ ಕೈ ನೋಡಿದರು.

"ಒಂದು ಕೈ ಎತ್ತಿದ್ರೆ ಸುಮ್ಮನಾಗ್ತಾರಲ್ರೀ," ಅಂದರು. "ನಿಮ್ಮ ಮಾತು ಕೇಳ್ತಾರೆ ಅಂತ ಆಗಲೇ ಹೇಳಬಾರದಾ? ಕಾಯಂ ಮಾಡ್ಕೊಳ್ಳಿ."

ಮ್ಯಾನೇಜರ್ ತನ್ನ ಕೈಯನ್ನು ತಾನೇ ಒಮ್ಮೆ ನೋಡಿಕೊಂಡು ಕೆಳಗಿಳಿಸಿದ.

ಸಂಜೆ ಮನೆಗೆ ನಡೆಯುವಾಗ ಮೈಕಕ್ಕ ದಾರಿಯುದ್ದಕ್ಕೂ ಓರಗಿತ್ತಿಯನ್ನು ಪೀಡಿಸಿದಳು, ನನ್ನ ಬಗ್ಗೆ ಅವನು ಇನ್ನೇನೇನು ಅಂದ, ಪೂರ್ತಿ ಹೇಳಕ್ಕಾ ಅಂತ. ಓರಗಿತ್ತಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

"ಒಳ್ಳೇದೇ ಅಂದ. ಹೇಳಿದ್ರೆ ತಲೆ ಮೇಲೆ ಕೂತ್ಕೊತೀಯ. ಬೆಳಿಗ್ಗೆ ಹೋದವಳೇ ಮೊದಲು ತಪ್ಪಾಯ್ತು ಅನ್ನು ಆ ಹುಡುಗನಿಗೆ."

"ಅಂತೀನಿ, ಅನ್ನದೆ ಏನು. ಒಳ್ಳೇದು ಅಂದ್ರೆ ಎಷ್ಟು ಒಳ್ಳೇದು, ಅಷ್ಟಾದ್ರೂ ಹೇಳಕ್ಕಾ."