ಅಡುಗೆಮನೆಯತ್ತ ತಿರುಗದ ಪರದೆ

ಕಟ್ಟಲಿರುವ ಕಟ್ಟಡವೊಂದನ್ನು ಕಂಪ್ಯೂಟರಿನ ಪರದೆಯ ಮೇಲೆ ತೋರಿಸುತ್ತಿರುವವರನ್ನು ನಡುವೆಯೇ ತಡೆದು, ‘ಇದರ ಹಿಂಭಾಗ ತೋರಿಸಿ’ ಎಂದು ನೀವು ಎಂದಾದರೂ ಕೇಳಿದ್ದೀರಾ? ಕೇಳಿದ್ದರೆ, ಉತ್ತರ ಬರುವವರೆಗೆ ಕಾದಿದ್ದೀರಾ?

ನಮ್ಮ ಮೇಡಂ ಕಾಯುತ್ತಿದ್ದ ರೀತಿ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ವಿದ್ಯಾರ್ಥಿ ಮಾದರಿಯನ್ನು ತಿರುಗಿಸಿದ ಕ್ಷಣವೇ ಅವರು ಎರಡೂ ಕೆನ್ನೆಗಳನ್ನು ಉಬ್ಬಿಸಿ ಉಸಿರು ಬಿಗಿಹಿಡಿಯುತ್ತಿದ್ದರು. ಕೆನ್ನೆ ಉಬ್ಬಿದಂತೆ ಕನ್ನಡಕ ಮೇಲಕ್ಕೇರುತ್ತಿತ್ತು. ಕತ್ತಿನ ನರ ಎದ್ದು ಕಾಣುತ್ತಿತ್ತು. ಚಿತ್ರ ತಿಳಿಯಾಗುವ ಮೊದಲೇ ಉಸಿರು ಬಿಡಬೇಕಾಗಿ ಬಂದರೆ ಆ ವಿದ್ಯಾರ್ಥಿಗೆ ಅಂದು ಗ್ರಹಚಾರ. “ನನ್ನ ಉಸಿರೇ ಸೋತ್ತು ನೋಡು. ಕೇಳಿದಾಕಿ ಎದ್ದು ಮನಿಗಿ ಹೋಗ್ಯಾಳ. ಈಗ ಯಾರಿಗಿ ತೋರಸ್ತಿ, ಗ್ವಾಡಿಗೇನು?”

ಅವರ ಮನೆ ನಗರದ ಗಾಜಿಪುರ ಬಡಾವಣೆಯಲ್ಲಿ, ತರಗತಿ ಪೇಟೆಯ ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಕಟ್ಟಡಗಳ ಮಾದರಿ ರಚಿಸುವ ತಂತ್ರಾಂಶವನ್ನು ಕಲಿಸುತ್ತಿದ್ದರು. ನಾನು ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಕಲಿಯುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಉತ್ಸಾಹ ಇನ್ನೂ ಇಳಿದಿರಲಿಲ್ಲ. ಜನರಿಗಾಗಿ ಕಟ್ಟುವ ಪ್ರತಿಯೊಂದು ಕಟ್ಟಡವನ್ನೂ ಮೊದಲು ಜನರ ಮುಂದಿಟ್ಟು ಒಪ್ಪಿಗೆ ಪಡೆಯಬೇಕೆಂಬುದು ನನ್ನ ನಂಬಿಕೆಯಾಗಿತ್ತು. ಮೇಡಂ ಅದನ್ನು ಅಲ್ಲಗಳೆಯಲಿಲ್ಲ. “ಮುಂದ ಇಟ್ರ ಸಾಲಲ್ಲ ತಂಗಿ, ಹಿಂದ ಮುಂದ ಹೊಳ್ಳಿಸಿ ತೋರಸ್ಲಾಕ ಬರಬೇಕು” ಎಂದಷ್ಟೇ ಹೇಳಿದರು.

ಮಾದರಿಯನ್ನು ತಿರುಗಿಸಿ ನೋಡುವ ಪರದೆಯ ಚೌಕಕ್ಕೆ ವ್ಯೂಪೋರ್ಟ್ ಎನ್ನುತ್ತಾರೆ. ಬೆಳಕಿನ ಕಿರಣ ಎಲ್ಲಿ ಬಿದ್ದು ಎತ್ತ ಪುಟಿಯುತ್ತದೆ ಎಂಬುದನ್ನು ಯಂತ್ರ ಅಲ್ಲಿಂದಲ್ಲೇ ಲೆಕ್ಕಹಾಕಿ ಚಿತ್ರಿಸುವುದು ರೇ ಟ್ರೇಸಿಂಗ್. ನೋಟ ಸ್ವಲ್ಪ ಕದಲಿದರೂ ಹಿಂದಿನ ಲೆಕ್ಕ ವ್ಯರ್ಥವಾಗಿ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ಅಲ್ಲಿಯವರೆಗೆ ಪರದೆಯ ಮೇಲೆ ಜೋಳದ ನುಚ್ಚು ಚೆಲ್ಲಿದಂತೆ ಚುಕ್ಕೆಗಳು. ಇದಕ್ಕೆ ನಮ್ಮೆಲ್ಲರದೂ ಒಂದೇ ಪರಿಹಾರ: ಚಿತ್ರದ ಲೆಕ್ಕ ಮಾಡುವ ಇನ್ನೂ ದೊಡ್ಡ ಗ್ರಾಫಿಕ್ಸ್ ಕಾರ್ಡ್. ಮೇಡಂ ಈ ಮಾತಿಗೆ ಮುಖ ಸಿಂಡರಿಸುತ್ತಿದ್ದರು. “ದೊಡ್ಡ ಕಾರ್ಡ್ ತರ್ತೀರಿ, ಮತ್ತ ಅದರಾಗ ನಾಕು ಝೂಮರ್ ದೀಪ ಜೋತು ಬಿಡ್ತೀರಿ. ಹೊಟ್ಟಿ ಬ್ಯಾನಿಗಿ ದೊಡ್ಡ ತಾಟು ತರ್ತಾರೇನ?”

ಅವರ ಪರಿಹಾರ ಕಳೆಯುವುದಾಗಿತ್ತು. ನೋಟ ತಿರುಗುತ್ತಿರುವಾಗ ಚಿತ್ರ ಅರ್ಧ ಗಾತ್ರದಲ್ಲಿರಲಿ, ನಿಂತ ಮೇಲೆ ಪೂರ್ಣವಾಗಲಿ. ಕಿರಣ ಎಷ್ಟು ಸಲ ಪುಟಿಯಬೇಕೆಂಬುದಕ್ಕೆ ಮಿತಿ ಹಾಕಿರಿ. ಗಾಜು, ಕನ್ನಡಿ, ನೆಲದ ಹೊಳೆಯುವ ಫರಸಿ ಇವಕ್ಕೆಲ್ಲ ಸದ್ಯಕ್ಕೆ ಬೂದು ಬಣ್ಣ ಸಾಕು. ಗಿಡ, ಕುರ್ಚಿಗಳ ಜಾಗದಲ್ಲಿ ಬರಿಯ ಪೆಟ್ಟಿಗೆಗಳಿರಲಿ. ಆದರೆ ಮಾದರಿಗೆ ಬೆಳಕು ಕೊಡುವ ಸೂರ್ಯನನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಕಿಟಕಿಯಿಲ್ಲದ ಕೋಣೆಯನ್ನು ಕತ್ತಲಾಗಿಯೇ ತೋರಿಸುವುದರಿಂದಲೇ ಅವರಿಗೆ ರೇ ಟ್ರೇಸಿಂಗ್ ತಂತ್ರದ ಮೇಲೆ ಅಷ್ಟು ಗೌರವ.

ಆ ಗೌರವದ ಅರ್ಥ ನನಗೆ ತಿಳಿದದ್ದು ಕಮಲಾಪುರದಲ್ಲಿ, ನಮ್ಮ ಓಣಿಗೆ ಕಟ್ಟಲಿದ್ದ ಸಮುದಾಯ ಭವನದ ಕುರಿತ ಸಭೆಯಲ್ಲಿ. ನನ್ನ ಒತ್ತಾಯಕ್ಕೆ ಮಣಿದು ಸಮಿತಿಯವರು ಕಟ್ಟುವ ಮೊದಲು ಮಾದರಿಯನ್ನು ಎಲ್ಲರಿಗೂ ತೋರಿಸಲು ಒಪ್ಪಿದ್ದರು. ನಾನು ಮೇಡಂರನ್ನು ಕರೆದೊಯ್ದಿದ್ದೆ. ಸಮಿತಿ ನೇಮಿಸಿದ್ದ ಡಿಸೈನರ್ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬೆಳಕು ಬಿಟ್ಟೊಡನೆ ಜನ ಹುಯ್ಯೆಂದರು. ಊರಿನವರನ್ನು ಮೆಚ್ಚಿಸಲೆಂದು ಆತ ಭವನದ ಸುತ್ತ ಕಮಲಾಪುರಕ್ಕೆ ಹೆಸರು ತಂದ ಕೆಂಪು ಬಾಳೆಯ ತೋಟವನ್ನೇ ನೆಟ್ಟಿದ್ದ. ಒಂದೊಂದು ಎಲೆಯ ನರವೂ ಸ್ಪಷ್ಟ, ಒಂದೊಂದು ಗೊನೆಯೂ ಹೊಳಪು. ಒಳಗೆ ಸಾಲು ಸಾಲು ಕುರ್ಚಿ, ಕನ್ನಡಿಯಂಥ ಫರಸಿ. ಅದೆಲ್ಲವನ್ನೂ ಹೊತ್ತ ಯಂತ್ರ ಅಲುಗಾಡಲಾರದೆ ನಿಂತಿತ್ತು.

ಹಿಂದಿನ ಸಾಲಿನಿಂದ ದೊಡ್ಡವ್ವ ಎದ್ದು ನಿಂತರು. ಓಣಿಯ ಎಲ್ಲ ಮದುವೆಗಳಲ್ಲಿ ಹತ್ತಾರು ಹೆಂಗಸರನ್ನು ಕಟ್ಟಿಕೊಂಡು ಅಡುಗೆ ಮಾಡುವವರು ಅವರೇ. “ಅಡಗಿ ಮನಿ ಎಲ್ಲದರಿ? ಅದೊಂದಿಷ್ಟು ತೋರಸ್ರಿ.”

ಡಿಸೈನರ್ ನೋಟ ತಿರುಗಿಸಿದ. ಗೋಡೆಯ ತುಂಬ ನುಚ್ಚು. ಎಲ್ಲರೂ ಕಾದರು. ನುಚ್ಚು ಕರಗಲಿಲ್ಲ.

“ದೊಡ್ಡವ್ವಾ, ನಿನ್ನ ಅಡಗಿ ಮನ್ಯಾಗ ಈಗೇ ಹೊಗಿ ತುಂಬ್ಯದ!” ಎಂದು ಯಾರೋ ಕೂಗಿದರು. ನಗೆ ಎದ್ದಿತು. ದೊಡ್ಡವ್ವ ಸೆರಗು ಎಳೆದುಕೊಂಡು, “ಇರ್ಲಿ ಬಿಡ್ರಪ್ಪ” ಎಂದು ಕುಳಿತುಬಿಟ್ಟರು. ಡಿಸೈನರ್ ಸಮಾಧಾನದಿಂದ ಮತ್ತೆ ಬಾಳೆಯ ತೋಟಕ್ಕೆ ಮರಳಿದ.

ನನ್ನ ಪಕ್ಕದಲ್ಲಿ ಮೇಡಂ ಹಿಡಿದಿದ್ದ ಉಸಿರನ್ನು ದೀರ್ಘವಾಗಿ ಬಿಟ್ಟರು. ಎದ್ದು ಹೋಗಿ, “ಒಂದೀಟು ಸರಿ ತಮ್ಮಾ” ಎಂದು ಆತನ ಕುರ್ಚಿಯಲ್ಲಿ ಕುಳಿತರು. ಬಾಳೆ ಮಾಯವಾಯಿತು. ಕುರ್ಚಿಗಳು ಪೆಟ್ಟಿಗೆಗಳಾದವು, ಫರಸಿ ಬೂದಿಯ ಬಣ್ಣಕ್ಕೆ ತಿರುಗಿತು. “ಬಾಳಿ ಯಾಕ ಕಡದ್ರಿ ಮೇಡಂ?” ಎಂದು ಜನ ಗೊಣಗಿದರು. ಡಿಸೈನರ್ ಕೋಣೆಕೋಣೆಯಲ್ಲೂ ಕಾಣದಂತೆ ಬಚ್ಚಿಟ್ಟಿದ್ದ ಸುಳ್ಳು ದೀಪಗಳನ್ನು ಒಂದೊಂದಾಗಿ ಆರಿಸಿ, ಸೂರ್ಯನೊಬ್ಬನನ್ನೇ ಉಳಿಸಿದರು. ಈಗ ನೋಟ ಕೈ ಹೇಳಿದತ್ತ ಹರಿಯಿತು: ಭವನದ ಒಳಗೆ, ವೇದಿಕೆಯ ಹಿಂದೆ, ಬಾಗಿಲಿನಾಚೆ. ಅಲ್ಲಿ ಗೋಡೆಯ ಮೇಲಿನ ಚಿತ್ರವಿಡೀ ಕಪ್ಪಾಯಿತು.

“ಕರೆಂಟ್ ಹೋತೇನ್ರಿ?” ಎಂದರು ದೊಡ್ಡವ್ವ.

“ಇಲ್ಲ ಅವ್ವಾ, ಕರೆಂಟ್ ಅದ. ಇದೇ ನಿನ್ನ ಅಡಗಿ ಮನಿ. ಕಿಡಕಿ ಇಲ್ಲ” ಎಂದರು ಮೇಡಂ.

ದೊಡ್ಡವ್ವ ಮತ್ತೆ ಎದ್ದರು. ಹೊಗೆ ಎತ್ತ ಹೋಗಬೇಕು, ಕುದಿಯುವ ಹಂಡೆ ಹೊರಲು ಜನ ಕುಳಿತ ಸಭಾಂಗಣ ಬಿಟ್ಟು ಬೇರೆ ದಾರಿ ಇದೆಯೇ, ಬೆಂಕಿ ಹತ್ತಿದರೆ ಇನ್ನೊಂದು ಬಾಗಿಲು ಎಲ್ಲಿ ಎಂದು ಒಂದರ ಹಿಂದೊಂದು ಕೇಳಿದರು. ಪ್ರತಿ ಪ್ರಶ್ನೆಗೂ ಪರದೆ ತಿರುಗಿ ಉತ್ತರ ಕೊಟ್ಟಿತು. ಪ್ರತಿ ಉತ್ತರವೂ ‘ಇಲ್ಲ’ ಎಂದೇ ಇತ್ತು.

ಆಗ ಸಮಿತಿಯ ಅಧ್ಯಕ್ಷರು ಕೈಯೆತ್ತಿದರು. “ಮೇಡಂ, ಅಲ್ಲೊಂದು ಲೈಟ್ ಹಚ್ಚರಿ, ಮುಗೀತು.”

“ಲೈಟಿಗಿ ಹೊಗಿ ಹೊರಗ ಹಾಕ್ಲಾಕ ಬರ್ತದೇನ್ರಿ ಸಾಹೇಬ್ರ?”

“ಇವೆಲ್ಲ ಸಣ್ಣ ಮಾತು, ಆಮ್ಯಾಗ ನೋಡಮಿ. ತಮ್ಮಾ, ಮೊದಲಿನ ಚಿತ್ರ ಹಾಕು.”

ಬಾಳೆ ಮರಳಿತು. ಚಪ್ಪಾಳೆಯೂ ಮರಳಿತು. ಒಪ್ಪಿಗೆ ಸಿಕ್ಕಿತೆಂದು ಅಧ್ಯಕ್ಷರು ಸಾರಿದರು. ಸೋಲನ್ನು ನಾನು ಸಹಿಸಬಲ್ಲೆ. ವಾದಕ್ಕೆ ವಾದ ಎದುರಾಗಿ ಸೋತಿದ್ದರೆ ತಲೆಬಾಗುತ್ತಿದ್ದೆ. ಎಲ್ಲರೂ ಕಣ್ಣಾರೆ ಕಂಡ ಕತ್ತಲೆಯನ್ನು ಗೊನೆಬಿಟ್ಟ ಚಿತ್ರವೊಂದು ಮುಚ್ಚಿದ್ದು, ಮುಚ್ಚಿದ್ದಕ್ಕೆ ಕೈ ತಟ್ಟಿದ್ದು ಮಾತ್ರ ಹೇಸಿಗೆ.

ಹಿಂದಿರುಗುವ ಮೇಡಂರನ್ನು ಬಸ್ಸಿಗೆ ಹತ್ತಿಸಲು ಹೋದಾಗ ಪ್ರಜಾಪ್ರಭುತ್ವ, ಪಾರದರ್ಶಕತೆ ಎಂದೆಲ್ಲ ನಾನು ಬುಸುಗುಟ್ಟುತ್ತಿದ್ದೆ. ಅವರು ನಡುವೆ ತಡೆದರು. “ಸಾಕು ಮಾಡು ನಿನ್ನ ಭಾಷಣ. ಆ ದೊಡ್ಡವ್ವ ಎರಡನೇ ಸಲ ಎದ್ದು ನಿಂತಳೋ ಇಲ್ಲೋ? ಯಾಕ ನಿಂತಳು? ಪರದಾ ತಡಾ ಮಾಡ್ಲಿಲ್ಲ, ಅದಕ್ಕ. ಕಾಯಿಸಿದ್ರ ಬಡವರು ತಮ್ಮದೇ ತಪ್ಪಂತ ತಿಳ್ಕೊಂಡು ಕುಂದ್ರತಾರ. ನೀ ಅದನ್ನ ಕಲಿ.”

ಭವನ ಚಿತ್ರದಂತೆಯೇ ಎದ್ದಿತು, ಬಾಳೆಯೊಂದನ್ನು ಬಿಟ್ಟು. ಅಲ್ಲಿನ ಮೊದಲ ಮದುವೆಗೆ ಮೇಡಂ ಬಂದಿದ್ದರು. ಊಟಕ್ಕೆ ಕೂರುವ ಮೊದಲು ಅಡುಗೆಮನೆಯೊಳಗೆ ಹೋದರು. ಹೊರಬಂದಾಗ ಕನ್ನಡಕ ಹಬೆಯಿಂದ ಮಬ್ಬಾಗಿತ್ತು, ಕಣ್ಣು ಕೆಂಪಾಗಿತ್ತು. ನೇರವಾಗಿ ಅಧ್ಯಕ್ಷರ ಬಳಿ ಹೋಗಿ, “ಸಾಹೇಬ್ರ, ಒಂದೀಟು ಒಳಗ ಬಂದು ನಿಂದರ್ರಿ. ನಾ ಉಸಿರು ಹಿಡೀತೀನಿ, ನೀವು ಆ ಹೊಗ್ಯಾಗ ಉಸಿರಾಡಿ ತೋರಸ್ರಿ” ಎಂದರು. ಅಧ್ಯಕ್ಷರು ನಕ್ಕು, “ಮೇಡಂ ಭಾಳ ಮಜಾಕ್ ಮಾಡ್ತಾರ” ಎಂದು ಅತಿಥಿಗಳತ್ತ ತಿರುಗಿದರು. ಮೇಡಂ ಊಟ ಮಾಡದೆ ಹೊರಟರು.

ಇಂದು ಆ ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಪೇರಿಸಿ ಬೀಗ ಹಾಕಿದ್ದಾರೆ. ದೊಡ್ಡವ್ವ ಮತ್ತು ಅವರ ಹೆಂಗಸರು ಭವನದ ಹಿಂದೆ, ನಮ್ಮ ಬೇಸಿಗೆಯ ಬಿಸಿಲಿನಲ್ಲಿ, ನೆರಳಿಗೆ ತಾಡಪತ್ರಿ ಕಟ್ಟಿಕೊಂಡು ಕಲ್ಲೊಲೆಯ ಮೇಲೆ ಬೇಯಿಸುತ್ತಾರೆ. ಅಧ್ಯಕ್ಷರ ಮನೆಯ ಗೋಡೆಯ ಮೇಲೆ ಬಾಳೆಯ ಚಿತ್ರಕ್ಕೆ ಕಟ್ಟು ಹಾಕಿಸಿದ್ದಾರೆ.

ಮೇಡಂ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಆಸ್ಪತ್ರೆಗೆ ನೋಡಲು ಹೋದಾಗ ನಾನು ರಚಿಸಿದ್ದ ಶಾಲೆಯೊಂದರ ಮಾದರಿಯನ್ನು ಲ್ಯಾಪ್‌ಟಾಪಿನಲ್ಲಿ ಒಯ್ದಿದ್ದೆ. ತಿರುಗಿಸಿ ತೋರಿಸಿದೆ. ಅವರು ಕೆನ್ನೆ ಉಬ್ಬಿಸಲು ಹೋಗಿ ಕೆಮ್ಮಿದರು, ಕೈಯಾಡಿಸಿ ನಕ್ಕರು. “ನನ್ನ ಉಸಿರಿನ ಮ್ಯಾಗ ಅಳತಿ ಮಾಡಬ್ಯಾಡ. ಅಡಗಿ ಮಾಡೋರಿಗಿ ತೋರಿಸಿಯೇನು?” ತೋರಿಸಿದ್ದೆ. ಅಡುಗೆಯವರ ಮಾತಿನಂತೆ ಶಾಲೆಯ ಅಡುಗೆಮನೆಗೆ ಎರಡು ಕಿಟಕಿ, ಹೊರಗೊಂದು ಬಾಗಿಲು ಬಂದಿದ್ದವು. ಮೇಡಂರಿಂದ ಪಡೆದದ್ದರಲ್ಲಿ ನಾನು ಹಿಂದಿರುಗಿಸಲು ಸಾಧ್ಯವಾದದ್ದು ಅಷ್ಟೇ.

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನಲ್ಲಿ ಯಾರಾದರೂ ಪರದೆಯ ಮೇಲೆ ಹೊಸ ಕಟ್ಟಡ ತೋರಿಸಿದರೆ, ಅಡುಗೆಮನೆಯನ್ನು ತೋರಿಸಲು ಹೇಳಿ. ಸುಳ್ಳು ದೀಪಗಳನ್ನು ಆರಿಸಲು ಹೇಳಿ. ಚಿತ್ರ ತಿಳಿಯಾಗುವವರೆಗೆ ಯಾರು ನಕ್ಕರೂ ಕುಳಿತುಕೊಳ್ಳಬೇಡಿ.