ಮುಳುಗದ ದೋಣಿ

ಕಾಪುವಿನ ಕಡಲತೀರದಲ್ಲಿ ಯಾರ ದೋಣಿ ಬಿರುಕು ಬಿಟ್ಟರೂ ಮೊದಲು ನೆನಪಾಗುತ್ತಿದ್ದವನು ಕಿಟ್ಟಣ್ಣ. ಅವನ ಅಪ್ಪ ಮರದ ದೋಣಿಯಲ್ಲಿ ಮೀನು ಹಿಡಿದವನು. ಮರದ ದೋಣಿಗೆ ವರ್ಷವಿಡೀ ಆರೈಕೆ ಬೇಕು. ಎಣ್ಣೆ ಹಚ್ಚಬೇಕು, ಹಲಗೆಗಳ ಸಂದು ಮುಚ್ಚಬೇಕು, ಹುಳ ತಿಂದಲ್ಲಿ ಹೊಸ ಹಲಗೆ ಕೂರಿಸಬೇಕು. ಇಷ್ಟು ಮಾಡಿದರೂ ಒಂದಲ್ಲ ಒಂದು ಮಳೆಗಾಲದಲ್ಲಿ ಅದು ಮೆತ್ತಗಾಗಿ ಬಚ್ಚಲೊಲೆಗೆ ಹೋಗುತ್ತಿತ್ತು. ಕಿಟ್ಟಣ್ಣ ಮೀಸೆ ಮೂಡುವ ಪ್ರಾಯದಲ್ಲಿ ಮಲ್ಪೆಗೆ ಹೋಗಿ, ಆಗಷ್ಟೇ ಬಂದಿದ್ದ ಫೈಬರ್ ದೋಣಿಯ ಕೆಲಸ ಕಲಿತ.

ಅಚ್ಚಿಗೆ ಮೇಣ ಉಜ್ಜಿ, ಗಾಜಿನ ಎಳೆಗಳ ಬಿಳಿ ಹಾಸನ್ನು ಹರಡಿ, ಮೇಲೆ ಅಂಟಿನಂಥ ರೆಸಿನ್ ಸುರಿದು, ಒಳಗಿನ ಗುಳ್ಳೆ ಹೋಗುವ ತನಕ ರೋಲರಿನಲ್ಲಿ ಒತ್ತಬೇಕು. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಕಣ್ಣಿಗೆ ಕಾಣದ ಗಾಜಿನ ಎಳೆಗಳು ಬೆವರಿಗೆ ಅಂಟಿ ಮೈಯೆಲ್ಲ ತುರಿಸುತ್ತಿತ್ತು. ಹೆಂಡತಿ ಸ್ವರ್ಣಲತಾ ಅವನ ಬಟ್ಟೆಯನ್ನು ಬೇರೆಯೇ ಬಾಲ್ದಿಯಲ್ಲಿ ಒಗೆಯುತ್ತಿದ್ದಳು. ಆದರೂ ಒಮ್ಮೆ ಮಗುವಿನ ಅಂಗಿಗೆ ಆ ಎಳೆ ಸೇರಿ, ಮಗ ಅಖಿಲ್ ಇಡೀ ದಿನ ಅತ್ತಿದ್ದ.

“ಮೀನಿಗೆ ಹೋಗುವುದು ಬಿಟ್ಟು ಇದೆಂತ ಕೆಲಸ ನಿಮ್ಮದು?” ಎಂದು ಅವಳು ರೇಗಿದ್ದಳು.

“ಮರ ಕೊಳೆಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಇದಕ್ಕೆ ಎರಡೂ ಇಲ್ಲ. ಇನ್ನು ಎಲ್ಲವೂ ಇದರದ್ದೇ ನೋಡು,” ಎಂದಿದ್ದ ಕಿಟ್ಟಣ್ಣ.

ಅವನು ಹೇಳಿದಂತೆಯೇ ಆಯಿತು. ದೋಣಿಗಳು ಬಂದವು, ನೀರಿನ ಟ್ಯಾಂಕಿಗಳು ಬಂದವು. ಹೆದ್ದಾರಿಯಲ್ಲಿ ಉದ್ದುದ್ದ ಲಾರಿಗಳ ಮೇಲೆ ಗಾಳಿಯಂತ್ರದ ರೆಕ್ಕೆಗಳು ಹೋಗುವಾಗ ಜನ ನಿಂತು ನೋಡಿದರು. ಬಸ್ಸು ಹತ್ತಿದರೆ ಕಿಟ್ಟಣ್ಣ ಎದುರಿನ ಫೈಬರ್ ಫಲಕವನ್ನು ಬೆರಳಿನಿಂದ ತಟ್ಟುತ್ತಿದ್ದ. “ಇದೂ ನಮ್ಮದೇ ಜಾತಿ,” ಎಂದು ಪಕ್ಕದವರಿಗೆ ಹೇಳಿ ನಗುತ್ತಿದ್ದ.

ಅಖಿಲ್ ಐಟಿಐ ಮುಗಿಸಿ ಉಡುಪಿಯ ಒಂದು ಗ್ಯಾರೇಜಿಗೆ ಸೇರಿದ. ಅಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಅಜ್ಜನ ಹಾಗೆ ಕಡಲಿಗೇ ಹೋಗುತ್ತೇನೆ ಎಂದು ಒಂದು ದಿನ ಬಂದು ಕೂತ. ಸ್ವರ್ಣಲತಾ ಎರಡು ಹೊತ್ತು ಊಟ ಬಿಟ್ಟಳು. ಕಿಟ್ಟಣ್ಣ ಮಾತ್ರ ಒಳಗೊಳಗೇ ಹಿಗ್ಗಿದ. ಜನ್ಮವಿಡೀ ಬೇರೆಯವರಿಗೆ ದೋಣಿ ಮಾಡಿಕೊಟ್ಟವನಿಗೆ ಸ್ವಂತದ್ದೊಂದು ಮಾಡುವ ಯೋಗ ಬಂದಿತ್ತು.

ಮನೆಯ ಹಿಂದಿನ ತೆಂಗಿನ ಮರಗಳ ನೆರಳಿನಲ್ಲಿ ಆ ದೋಣಿ ತಯಾರಾಯಿತು. ತಳಕ್ಕೆ ಬೇರೆಯವರ ದೋಣಿಗಿಂತ ಹೆಚ್ಚು ಪದರ ಹಾಕಿದ. ಮೂತಿಯ ಒಳಗೆ, ಕೂರುವ ಹಲಗೆಗಳ ಕೆಳಗೆ, ಎಲ್ಲೆಲ್ಲಿ ಟೊಳ್ಳು ಉಂಟೋ ಅಲ್ಲೆಲ್ಲ ಹಗುರವಾದ ಫೋಮ್ ತುಂಬಿ ಮೇಲಿನಿಂದ ಫೈಬರಿನಲ್ಲಿ ಮುಚ್ಚಿದ. ಬಣ್ಣ ಹಳದಿ ಇರಲಿ ಎಂದದ್ದು ಅಖಿಲ್.

“ನೀರು ತುಂಬಿದರೂ ಇದು ಮುಳುಗುವುದಿಲ್ಲ. ಮಗುಚಿದರೆ ದೋಣಿಯನ್ನು ಬಿಡಬೇಡ, ಹಿಡಿದುಕೋ. ಅದು ದಡಕ್ಕೆ ತಂದೇ ತರುತ್ತದೆ,” ಎಂದು ಅಪ್ಪ ಮಗನಿಗೆ ಹೇಳಿದ.

ಎರಡು ವರ್ಷ ಎಲ್ಲವೂ ಸರಿಯಾಗಿಯೇ ಹೋಯಿತು. ಅಖಿಲ್ ತಂದ ಬಂಗುಡೆಯನ್ನು ಸ್ವರ್ಣಲತಾ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಉಡುಪಿಯ ಕಡಿಯಾಳಿಗೆ ಹೋಗಿ, ಗೊತ್ತಿದ್ದ ಮನೆಗಳಿಗೆ ಕೊಟ್ಟು ಬರುತ್ತಿದ್ದಳು. “ನನ್ನ ಮಗ ಹಿಡಿದದ್ದು,” ಎಂದು ಕೇಳದವರಿಗೂ ಹೇಳುತ್ತಿದ್ದಳು.

ಮೂರನೆಯ ವರ್ಷ, ಮಳೆ ಹಿಂದೆ ಸರಿಯುತ್ತಿದ್ದ ಸೆಪ್ಟೆಂಬರಿನಲ್ಲಿ, ಅಖಿಲ್ ನೆರೆಮನೆಯ ಶೀನನ ಜೊತೆ ಹೋಗಿದ್ದ. ವಾಪಸು ಬರುವಾಗ ದಡದ ಹತ್ತಿರ ಅಲೆ ಒಡೆಯುವ ಜಾಗದಲ್ಲಿ ಎಂಜಿನ್ ನಿಂತಿತು. ಅಡ್ಡ ತಿರುಗಿದ ದೋಣಿಯನ್ನು ಹಿಂದಿನಿಂದ ಬಂದ ಅಲೆ ಎತ್ತಿ ಮಗುಚಿತು. ಶೀನ ಮೇಲೆ ಬಂದು ದೋಣಿಯ ಅಂಚು ಹಿಡಿದ. ಅಖಿಲನ ತಲೆ ಒಮ್ಮೆ ಕಂಡಿತು. “ಹಿಡಿದುಕೋ ಮಗಾ!” ಎಂದು ಶೀನ ಕೂಗಿದ. ಕಾಲಿಗೆ ಬಲೆ ಸುತ್ತಿಕೊಂಡಿತ್ತೋ ಏನೋ, ಅಖಿಲ್ ಮತ್ತೆ ಮೇಲೆ ಬರಲಿಲ್ಲ.

ಊರಿನ ದೋಣಿಗಳೆಲ್ಲ ಹುಡುಕಿದವು. ಪೊಲೀಸರು ಬಂದರು, ಮುಳುಗುಗಾರರು ಬಂದರು. ದೇಹ ಸಿಗಲಿಲ್ಲ. ಸಿಕ್ಕಿದ್ದು ದೋಣಿ. ಲೈಟ್‌ಹೌಸಿನ ಆಚೆ ಮರಳಿನ ಮೇಲೆ ಹಳದಿ ಬೆನ್ನು ಮೇಲೆ ಮಾಡಿಕೊಂಡು ಬಿದ್ದಿತ್ತು. ಸೇರಿದವರಲ್ಲಿ ಒಬ್ಬ ಅದರ ಸುತ್ತ ನಡೆದು ನೋಡಿ, “ಎಂಥ ದೋಣಿ ಮಾರಾಯ! ಒಂದು ಗೆರೆ ಕೂಡ ಬೀಳಲಿಲ್ಲ,” ಎಂದ. ಹೊಗಳಿಕೆಯ ಮಾತೇ. ಮರಳಿನಲ್ಲಿ ಕೂತಿದ್ದ ಕಿಟ್ಟಣ್ಣನ ಕಿವಿಗೂ ಅದು ಬಿತ್ತು.

ಕಾದು ಕಾದು, ಕೊನೆಗೆ ಹಿರಿಯರ ಮಾತಿನಂತೆ ಹುಲ್ಲಿನ ಬೊಂಬೆ ಮಾಡಿ ಸುಟ್ಟು ಉತ್ತರಕ್ರಿಯೆ ಮುಗಿಸಿದರು. ಸ್ವರ್ಣಲತಾ ಬೊಂಬೆಯ ಕಡೆಗೆ ನೋಡಲೇ ಇಲ್ಲ.

ದೋಣಿಯನ್ನು ಜನರೇ ಹೊತ್ತು ತಂದು ಮನೆಯ ಹಿಂದೆ ಕವುಚಿ ಹಾಕಿದ್ದರು. ಸ್ವರ್ಣಲತಾ ಬೇರೆಯವರಿಂದ ಕೊಂಡ ಮೀನಿನ ಬುಟ್ಟಿ ಹೊತ್ತು, ಹಿಂದಿನ ದಾರಿ ಬಿಟ್ಟು ಭಜನಾ ಮಂದಿರದ ಕಡೆಯಿಂದ ಸುತ್ತಿಕೊಂಡು ಬಸ್ಸಿಗೆ ಹೋಗತೊಡಗಿದಳು. ಕಿಟ್ಟಣ್ಣ ಕೆಲಸಕ್ಕೆ ಹೋಗುವುದನ್ನೇ ಬಿಟ್ಟ. ದೋಣಿ ಕಣ್ಣಮುಂದೆ ಇರುವ ತನಕ ಹೆಂಡತಿಗೆ ಸಮಾಧಾನ ಇಲ್ಲ ಎಂದು ಅವನಿಗೆ ಅನಿಸಿತು. ಮಾರುವ ಮಾತೆತ್ತಿದರೆ, ಜೀವ ಹೋದ ದೋಣಿ ಯಾರಿಗೂ ಬೇಡ. ಗುಜರಿಯವನು ಬಂದವನೇ, “ಕಬ್ಬಿಣ ಉಂಟಾದರೆ ಕೊಡಿ, ಇದನ್ನು ನಾನು ಎಂತ ಮಾಡಲಿ?” ಎಂದು ಹೊರಟುಹೋದ. ಸುಟ್ಟರೆ ಏಳುವ ಕರಿಹೊಗೆ ಎಂಥದ್ದೆಂದು ಕಿಟ್ಟಣ್ಣನಿಗೆ ಗೊತ್ತಿತ್ತು. ಹೂತರೆ ಮೊಮ್ಮಕ್ಕಳ ಕಾಲಕ್ಕೂ ಹಾಗೆಯೇ ಇರುತ್ತದೆ ಎಂದುಕೊಂಡ. ಆಮೇಲೆ, ಯಾವ ಮೊಮ್ಮಕ್ಕಳು ಎಂದು ಹೊಳೆದು, ಅಲ್ಲೇ ದೋಣಿಗೆ ಹಣೆ ಆನಿಸಿ ಅತ್ತ. ಮಗ ಹೋದಮೇಲೆ ಅವನು ಅತ್ತದ್ದು ಅದೇ ಮೊದಲು.

ಕಾರ್ಕಳದಲ್ಲಿ ಹಳೆಯ ಫೈಬರ್ ತೆಗೆದುಕೊಳ್ಳುವವರಿದ್ದಾರೆ ಎಂಬ ಸುದ್ದಿ ತಂದವನು ಶೀನ. ಶಿರ್ವದ ಜೋವಿನ್ ಎಂಬ ಯುವಕ ಮಣಿಪಾಲದಲ್ಲಿ ಇದೇ ವಿಷಯ ಓದಿ ಸಣ್ಣದೊಂದು ಕಾರ್ಖಾನೆ ಹಾಕಿದ್ದ. ಹಳೆಯ ದೋಣಿ, ಟ್ಯಾಂಕಿ, ಬಸ್ಸಿನ ಫಲಕಗಳನ್ನು ಹುಡಿ ಮಾಡಿ, ಕಾರ್ಕಳದ ಕಲ್ಲುಕೋರೆಗಳ ಹುಡಿಯ ಜೊತೆ ಸೇರಿಸಿ ಚರಂಡಿಯ ಮುಚ್ಚಳ, ಬಸ್ ನಿಲ್ದಾಣದ ಬೆಂಚು ಮಾಡುತ್ತಿದ್ದ. ಕಿಟ್ಟಣ್ಣ ಒಂದು ಬೆಳಿಗ್ಗೆ ಅಲ್ಲಿಗೆ ಹೋದ.

“ಇದನ್ನು ಕರಗಿಸಿ ಮತ್ತೆ ದೋಣಿ ಮಾಡಲಿಕ್ಕೆ ಆಗುವುದಿಲ್ಲ ಕಿಟ್ಟಣ್ಣ,” ಎಂದ ಜೋವಿನ್. “ಈಗ ಹೊಸ ಬಗೆಯ ರೆಸಿನ್ ಬರುತ್ತಾ ಉಂಟು. ಅದರಿಂದ ಎಳೆಯನ್ನು ಪುನಃ ಬಿಡಿಸಿ ತೆಗೆಯಬಹುದು. ಆದರೆ ನೀವು ಬಳಸಿದ್ದು ಒಮ್ಮೆ ಗಟ್ಟಿಯಾದರೆ ಮುಗಿಯಿತು. ಹುಡಿ ಮಾಡಬೇಕಷ್ಟೆ.”

“ಮಾಡಿ ಸರ್. ಯಾವುದರಲ್ಲಿ ಸೇರಿತು ಅಂತ ಮಾತ್ರ ನನಗೆ ಹೇಳಬೇಡಿ.”

ಜೋವಿನ್ ಅವನ ಮುಖ ನೋಡಿದ. ಒಳಗೆ ಹೋಗಿ ಚಹಾ ತಂದುಕೊಟ್ಟ.

ಟೆಂಪೊ ಬರುವ ದಿನ ದೋಣಿಯನ್ನು ತುಂಡು ಮಾಡಬೇಕಿತ್ತು. ಇಡಿಯಾಗಿ ಅದು ಹಿಡಿಸುತ್ತಿರಲಿಲ್ಲ. ಕಿಟ್ಟಣ್ಣ ಕತ್ತರಿಸುವ ಯಂತ್ರಕ್ಕೆ ವಯರು ಎಳೆಯುತ್ತಿದ್ದಾಗ ಸ್ವರ್ಣಲತಾ ಹಿಂದಿನ ಬಾಗಿಲಿನಿಂದ ಹೊರಗೆ ಬಂದಳು. ಅಷ್ಟು ತಿಂಗಳಲ್ಲಿ ಆ ಕಡೆ ಕಾಲಿಟ್ಟವಳಲ್ಲ.

“ನಿಲ್ಲಿ,” ಎಂದಳು.

“ನಿನಗೆ ನೋಡಲಿಕ್ಕೆ ಆಗುವುದಿಲ್ಲ ಅಂತಲೇ ಇದನ್ನು ಕಳಿಸುತ್ತಿದ್ದೇನೆ ಸ್ವರ್ಣ.”

“ಕಳಿಸಿ, ಬೇಡ ಅನ್ನುವುದಿಲ್ಲ. ಹೀಗೆಯೇ ಕಳಿಸುವುದಾ? ಉಪ್ಪು, ಮರಳು, ಎಲೆ ಎಲ್ಲ ಹಾಗೆಯೇ ಉಂಟಲ್ಲ.”

ಬಾವಿಯಿಂದ ಕೊಡಪಾನದಲ್ಲಿ ನೀರು ಸೇದಿ ತಂದು ದೋಣಿಯ ಬೆನ್ನಿನ ಮೇಲೆ ಹೊಯ್ದಳು. ಮತ್ತೆ ಹೋದಳು, ಮತ್ತೆ ತಂದಳು. ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿದಳು. ಅಂಟಿಕೊಂಡಿದ್ದ ಸಣ್ಣ ಚಿಪ್ಪುಗಳನ್ನು ಉಗುರಿನಿಂದ ಎಬ್ಬಿಸಿದಳು. ಕಿಟ್ಟಣ್ಣ ಯಂತ್ರ ಕೆಳಗಿಟ್ಟು ಅವಳ ಜೊತೆ ಸೇರಿಕೊಂಡ. ಇಬ್ಬರೂ ಸೇರಿ ದೋಣಿಯನ್ನು ಮಗ್ಗುಲಿಗೆ ತಿರುಗಿಸಿ ಒಳಭಾಗವನ್ನೂ ತೊಳೆದರು. ಟೆಂಪೊದವನು ಹಾರ್ನ್ ಹಾಕಲು ಹೋದವನು ಇವರನ್ನು ಕಂಡು ಕೈ ಹಿಂದೆ ತೆಗೆದ.

ತೊಳೆದು ಮುಗಿದಮೇಲೆ ಅವಳು ತನ್ನ ಹಳೆಯ ಸೀರೆಯಿಂದ ದೋಣಿಯನ್ನು ಒರೆಸಿ, “ಇನ್ನು ಮಾಡಿ,” ಎಂದು ಒಳಗೆ ಹೋದಳು. ಯಂತ್ರದ ಸದ್ದು ನಿಲ್ಲುವ ತನಕ ಅಡುಗೆಮನೆಯ ನಳ್ಳಿ ನೀರು ಬಿಟ್ಟುಕೊಂಡೇ ಇದ್ದಳು.

ಕಿಟ್ಟಣ್ಣ ಮತ್ತೆ ದೋಣಿ ಮಾಡಲಿಲ್ಲ. ಬೇಡಿಕೊಂಡು ಬಂದವರಿಗೆ ಮಲ್ಪೆಯವರ ಹೆಸರು ಹೇಳಿ ಕಳಿಸಿದ. ಕೆಲವು ತಿಂಗಳ ಮೇಲೆ ಜೋವಿನನೇ ಫೋನ್ ಮಾಡಿ ಕರೆದ. ಈಗ ಕಿಟ್ಟಣ್ಣ ಬೆಳಗಿನ ಬಸ್ಸಿಗೆ ಕಾರ್ಕಳಕ್ಕೆ ಹೋಗುತ್ತಾನೆ. ಬೇರೆ ಬೇರೆ ಊರಿನಿಂದ ಬರುವ ಹಳೆಯ ದೋಣಿಗಳನ್ನು ಕತ್ತರಿಸುತ್ತಾನೆ. ಕೆಲವು ಅವನ ಕೈಯ ಕೆಲಸವೇ ಆಗಿರುತ್ತವೆ. ಯಾರದ್ದು, ಏಕೆ ಕಳಿಸಿದರು ಎಂದು ಅವನು ವಿಚಾರಿಸುವುದಿಲ್ಲ. ಕತ್ತರಿಸುವ ಮೊದಲು ಪೈಪಿನ ನೀರು ಹಿಡಿದು ತೊಳೆಯುತ್ತಾನೆ. ಹುಡಿ ಏಳದಿರಲಿ ಎಂದು ಹಾಗೆ ಮಾಡುತ್ತಾನೆಂದು ಉಳಿದ ಕೆಲಸಗಾರರು ತಿಳಿದಿದ್ದಾರೆ.

ಕಳೆದ ವರ್ಷ ಒಂದು ದಿನ ಸ್ವರ್ಣಲತಾ ಹೇಳದೆ ಕೇಳದೆ ಅಲ್ಲಿಗೆ ಹೋದಳು. ಕಡಿಯಾಳಿಯಲ್ಲಿ ಮೀನು ಬೇಗ ಮುಗಿದಿತ್ತು. ಖಾಲಿ ಬುಟ್ಟಿಯೊಂದಿಗೇ ಕಾರ್ಕಳದ ಬಸ್ಸು ಹತ್ತಿದ್ದಳು. ಅಂಗಳದಲ್ಲಿ ರಾಶಿ ಬಿದ್ದಿದ್ದ ಬೂದುಬಣ್ಣದ ಹುಡಿಯನ್ನು ನೋಡಿದಳು. ಒಣಗಲು ಇಟ್ಟಿದ್ದ ಬೆಂಚುಗಳನ್ನು ನೋಡಿದಳು. ಒಂದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ಅದು ಬೇರೆ ಯಾವುದೋ ಊರಿನ ದೋಣಿಯದ್ದು ಎಂದು ಹೇಳಲು ಕಿಟ್ಟಣ್ಣನಿಗೆ ಮನಸ್ಸಾಗಲಿಲ್ಲ.

ಇಬ್ಬರೂ ಶೆಡ್ಡಿನ ನೆರಳಿನಲ್ಲಿ ಕೂತು, ಅವನ ಬುತ್ತಿಯನ್ನೇ ಹಂಚಿಕೊಂಡು ಉಂಡರು.

“ಇಲ್ಲಿ ಕಡಲಿನ ಸದ್ದು ಕೇಳುವುದಿಲ್ಲ ಅಲ್ವಾ?” ಎಂದಳು ಅವಳು.

“ಇಲ್ಲ.”

“ಅದಕ್ಕೇ ಬರುವುದಾ ನೀವು?”

ಕಿಟ್ಟಣ್ಣ ಅನ್ನಕ್ಕೆ ಸ್ವಲ್ಪ ಸಾರು ಹಾಕಿಕೊಂಡು, ಉಳಿದದ್ದನ್ನು ಅವಳ ಕಡೆ ಸರಿಸಿದ.