ಖೋ ಖೋ ಕಾಲಿನ ಫುಟ್‌ಬಾಲು

ನನಗೊಂದು ಚಟ ಐತೆ, ಮುಚ್ಚಿಟ್ಟು ಏನು ಮಾಡಲಿ. ಕಂಡೋರ ಸುದ್ದಿ ಪೂರಾ ಗೊತ್ತಾಗೋ ತನಕ ನನಗೆ ಅನ್ನ ಇಳಿಯಲ್ಲ. ಹೊನ್ನಾಳಿಯಾಗೆ ಕಾಲೇಜು ಮೈದಾನದ ಗೇಟಿಗೆ ನನ್ನ ಮಂಡಕ್ಕಿ ಮೆಣಸಿನಕಾಯಿ ಗಾಡಿ. ಸಂಜೆ ಎಣ್ಣೆ ಕಾಯಾಕಿಟ್ಟು ಕುಂತರೆ ಮೈದಾನದ ಆ ತುದಿ ತನಕ ಕಾಣ್ತದೆ. ಯಾರು ಬಂದ್ರು, ಯಾರು ಯಾರ ಜೊತೆ ಮಾತು ಬಿಟ್ರು, ಎಲ್ಲಾ ನನಗೆ ಬೇಕು. ಬ್ಯಾಡ ಅನ್ನೋರು ಬೇರೆ ಗಾಡಿಗೆ ಹೋಗ್ಲಿ.

ನೇತ್ರಾವತಿ ಮೇಡಂ ಬಂದ ದಿನಾನೇ ನನ್ನ ತಲೆಗೆ ಹುಳ ಬಿಟ್ರು. ಕಾಲೇಜಿಗೆ ಹೊಸದಾಗಿ ಬಂದ ಆಟದ ಮೇಡಂ, ಜಗಳೂರು ಕಡೇರು. ಸ್ಟೋರ್ ರೂಮಿನಾಗೆ ಗಾಳಿ ಇಳಿದು ಬಿದ್ದಿದ್ದ ಫುಟ್‌ಬಾಲ್ ಎತ್ಕೊಂಡು ಬಂದು, ಹೆಣ್ಣುಮಕ್ಕಳ ಟೀಮ್ ಕಟ್ತೀನಿ ಅಂದ್ರು. ಈ ಊರಾಗೆ ಗಂಡು ಹುಡುಗರೇ ಫುಟ್‌ಬಾಲ್ ಆಡಿದ್ದು ನಾನು ಕಂಡಿಲ್ಲ, ಅವರದ್ದೆಲ್ಲ ಬರೀ ಕ್ರಿಕೆಟ್ಟು. ನಾನು ಸುಮ್ನಿರ್ತೀನಾ? "ಖೋ ಖೋ ಆಡಿಸ್ರಿ ಮೇಡಂ, ನಮ್ಮ ಕಡೆ ಹುಡುಗೇರು ಅದರಾಗೆ ಹುಲಿ" ಅಂದೆ.

ಮೇಡಂ ಮುಖ ಗಂಟು ಹಾಕ್ಕೊಂಡು, "ಅದೊಂದು ಬಿಟ್ಟು ಯಾವ್ದಾದ್ರೂ ಆಡಿಸ್ತೀನಿ ಅಜ್ಜಮ್ಮ" ಅಂದ್ರು.

ಯಾಕೆ ಅದೊಂದು ಬಿಟ್ಟು? ಅವತ್ತಿಂದ ನನಗೆ ಇದೇ ಯೋಚನೆ. ಇನ್ನೊಂದು ಸಂಗತೀನೂ ಕಂಡೆ. ಯುಗಾದಿಗೆ, ದೀಪಾವಳಿಗೆ ಕಾಲೇಜಿನ ಮೇಷ್ಟ್ರುಗಳೆಲ್ಲ ಬ್ಯಾಗ್ ಹಿಡ್ಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ್ರೆ ಈಯಮ್ಮ ಮಾತ್ರ ರೂಮಿನಾಗೇ ಇರೋರು. ಹಬ್ಬದ ದಿನ ನಾನು ಒಬ್ಬಟ್ಟು ಕೊಟ್ಟು ಬಾಯಿ ಬಿಡ್ಸಾಕೆ ನೋಡಿದೆ. ಒಬ್ಬಟ್ಟು ತಿಂದ್ರು, ಬಾಯಿ ಬಿಡಲಿಲ್ಲ.

ಟೀಮಿಗೆ ಬಂದ ಹುಡುಗೇರು ಯಾರು ಅಂತೀರಿ? ನ್ಯಾಮತಿಯಿಂದ ದಿನಾ ಬಸ್ಸಿನಾಗೆ ಬರೋ ಅಕ್ಷಿತಾ, ಚನ್ನಗಿರಿ ತಾಲೂಕು ನಲ್ಲೂರಿನಿಂದ ಬಂದು ಹಾಸ್ಟೆಲ್ ಸೇರಿದ ಅರ್ಪಿತಾ, ಇಂಥೋರೇ. ಒಬ್ಬಳೂ ಕಾಲಾಗೆ ಬಾಲು ಮುಟ್ಟಿದೋಳಲ್ಲ. ಹೈಸ್ಕೂಲಿನಾಗೆ ಆಡಿದ್ದೆಲ್ಲ ಖೋ ಖೋ. ಮೇಡಂ ಯಾವುದರಿಂದ ದೂರ ಓಡಿ ಬಂದ್ರೋ ಅದೇ ಬಂದು ಎದುರಿಗೆ ಸಾಲಾಗಿ ನಿಂತ್ಕೊಂತು, ನನಗೆ ಒಳಗೊಳಗೇ ನಗು.

ಹುಡುಗೇರ ಓಟ ಅಂದ್ರೆ ಓಟ. ಆದ್ರೂ ಮ್ಯಾಚಿಗೆ ಹೋದ್ರೆ ಸೋತು ಬರೋರು. ಬಾಲು ಸಿಕ್ಕಿದ್ದೇ ತಡ, ತಲೆ ಬಗ್ಗಿಸಿ ನೇರ ನುಗ್ಗೋದು. ಎದುರಿಗೆ ಮೂವರು ಅಡ್ಡ ನಿಂತ್ರೂ ಅವರ ಮ್ಯಾಲೇ ಹೋಗಿ ಬೀಳೋದು. ಹಿಂದೆ ನಮ್ಮೋಳೇ ಒಬ್ಬಳು ಆರಾಮಾಗಿ ನಿಂತಿರ್ತಾಳೆ, ಅವಳ ಕಡೆ ತಿರುಗಿ ಕೊಡೋ ಬುದ್ಧಿ ಯಾರಿಗೂ ಬರಲ್ಲ. ದಾವಣಗೆರೆಯಾಗೆ ಒಬ್ಬ ರೆಫರಿ, "ಮೇಡಂ, ನಿಮ್ಮ ಹುಡುಗೇರಿಗೆ ರಿವರ್ಸ್ ಗೇರೇ ಇಲ್ಲ" ಅಂತ ನಕ್ಕನಂತೆ.

ಎರಡು ವರ್ಷ ಹಿಂಗೇ ಆಯ್ತು. ದೊಡ್ಡ ಕ್ಲಾಸಿನ ಕೆಲವರು ಹೋಗಿ ಹೊಸಬರು ಬಂದ್ರು, ಸೋಲು ಮಾತ್ರ ಹಳೇದೇ. ಪ್ರಿನ್ಸಿಪಾಲ್ರು ಕರೆದು ಹೇಳಿಬಿಟ್ರು: ಈ ವರ್ಷ ಒಂದಾದ್ರೂ ಮ್ಯಾಚ್ ಗೆಲ್ಲಿ, ಇಲ್ಲಾಂದ್ರೆ ಹೆಣ್ಣುಮಕ್ಕಳ ಫುಟ್‌ಬಾಲ್ ಇಲ್ಲಿಗೆ ಬಂದ್. ಅವತ್ತು ಸಂಜೆ ಮೇಡಂ ನನ್ನ ಗಾಡಿ ಹತ್ರ ಬಂದು ಸ್ಟೂಲಿನ ಮ್ಯಾಲೆ ಕುಸಿದು ಕುಂತ್ರು. ಕಣ್ಣು ಕೆಂಪಗಾಗಿತ್ತು. ಮಂಡಕ್ಕಿ ಪೊಟ್ಣ ಕೈಯಾಗಿಟ್ಟು ಕೇಳೇಬಿಟ್ಟೆ.

"ಈ ಹುಡುಗೇರು ಯಾಕೆ ತಿರುಗಲ್ಲ ಮೇಡಂ?"

"ಖೋ ಖೋ ಅಜ್ಜಮ್ಮ. ಅದರಾಗೆ ಹಿಡಿಯೋಳು ಒಂದು ದಿಕ್ಕಿಗೆ ಹೊರಟ್ಳು ಅಂದ್ರೆ ಕಂಬ ದಾಟೋ ತನಕ ಹಿಂದಕ್ಕೆ ತಿರುಗಂಗಿಲ್ಲ. ತಿರುಗಿದ್ರೆ ತಪ್ಪು. ಚಿಕ್ಕಂದಿನಿಂದ ಅದು ಕಾಲಿಗೆ ಹತ್ತಿಬಿಟ್ಟೈತೆ. ನನಗೂ ಹತ್ತೈತೆ, ನಾನು ಹೆಂಗೆ ಬಿಡಿಸ್ಲಿ?"

"ನಿಮಗೆ ಹತ್ತಿಸಿದೋರು ಯಾರು?"

ಮೇಡಂ ಪೊಟ್ಣದ ಬಾಯಿ ಮಡಚಿದ್ರು. ಆಮೇಲೆ ಒಂದೊಂದೇ ಹೊರಗೆ ಬಂತು. ಮೇಡಂ ಅಪ್ಪ ಅಂಜಿನಪ್ಪ ಮೆಕ್ಕೆಜೋಳ ಬೆಳೆಯೋ ಮನುಷ್ಯ. ಸಂಜೆಯಾದ್ರೆ ಊರ ಹೆಣ್ಣುಮಕ್ಕಳಿಗೆಲ್ಲ ಖೋ ಖೋ ಕಲಿಸೋರು. ಅವರ ಟೀಮಿನಾಗೆ ಮಗಳೇ ಮೊದಲನೇ ಆಟಗಾರ್ತಿ. ಜಿಲ್ಲೆ ಫೈನಲ್ ದಿನಾನೇ ಶಿವಮೊಗ್ಗದಾಗೆ ಇವರು ಆಟದ ಮೇಡಂ ಆಗೋ ಟ್ರೈನಿಂಗಿಗೆ ಸೇರಾಕೆ ಕಡೇ ದಿನ. ಇವರು ಶಿವಮೊಗ್ಗದ ಬಸ್ ಹತ್ತಿದ್ರು, ಅಲ್ಲಿ ಟೀಮ್ ಸೋತು ಹೋಯ್ತು. "ಹೋದೋಳು ಹೋಗು, ತಿರುಗಿ ಬರಬ್ಯಾಡ" ಅಂದ್ರಂತೆ ಅಪ್ಪ. ಮಗಳೂ ಹೋಗಲಿಲ್ಲ. ಅವ್ವನ ಜೊತೆ ಫೋನಿನಾಗೆ ಮಾತು, ಅಪ್ಪನ ಜೊತೆ ಅದೂ ಇಲ್ಲ.

ಅಪ್ಪ ಕೋಪದಾಗೆ ಒಂದು ಮಾತು ಅಂದ, ಮಗಳು ಅದನ್ನೇ ಗಂಟು ಕಟ್ಕೊಂಡು ಕುಂತ್ಳು. ಇಬ್ಬರಿಗೂ ಎರಡು ಬಾರಿಸೋರು ಇರಲಿಲ್ಲ.

"ಕಲಿಸಿದೋರನ್ನೇ ಕೇಳ್ರಿ ಬಿಡ್ಸೋದು ಹೆಂಗೆ ಅಂತ. ನಿಮ್ಮ ಹಟ ದೊಡ್ಡದೋ, ಈ ಹುಡುಗೇರು ದೊಡ್ಡೋರೋ?" ಅಂದೆ. ಜೋರಾಗೇ ಅಂದೆ.

ಮೇಡಂ ನನ್ನನ್ನೇ ದುರುಗುಟ್ಟಿ ನೋಡಿದ್ರು. ಎದ್ದು ಹೋಗ್ತಾರೆ ಅಂದ್ಕೊಂಡೆ. ಫೋನ್ ತೆಗೆದು ಗಾಡಿ ಮ್ಯಾಲಿಟ್ಟು, ಪೊಟ್ಣ ಹಿಡಿದ ಕೈಯಾಗೇ ಸ್ಪೀಕರ್ ಒತ್ತಿದ್ರು. ನಾನು ಸ್ಟೋವ್ ಆರಿಸಿದೆ, ಎಣ್ಣೆ ಸದ್ದಿಗೆ ಒಂದು ಮಾತೂ ತಪ್ಪಬಾರದು ನೋಡ್ರಿ.

"ಅಪ್ಪಾ, ನಾನು. ಒಂದು ಆಟದ ವಿಷಯ ಕೇಳಬೇಕಿತ್ತು."

ಆ ಕಡೆ ಒಂದು ಕೆಮ್ಮು. "ಕೇಳು."

ಮೇಡಂ ಎಲ್ಲಾ ಹೇಳಿದ್ರು. ಹೆಂಗಿದ್ದೀಯಪ್ಪ ಅಂತ ಇವರು ಕೇಳಲಿಲ್ಲ, ಉಂಡ್ಯಾ ಅಂತ ಅವರು ಕೇಳಲಿಲ್ಲ. ಬರೀ ಆಟ.

"ಬಾಲು ನಿನ್ನ ಹುಡುಗಿ ಹತ್ರ ಇದ್ದಾಗ ಯಾರು ಯಾರ ಹಿಂದೆ ಬೀಳ್ತಾರೆ?" ಅಂದ್ರು ಅಂಜಿನಪ್ಪ.

"ಎದುರು ಟೀಮಿನೋರು ಇವಳ ಹಿಂದೆ."

"ಮತ್ತೆ ಇವಳು ಹಿಡಿಯೋಳು ಹೆಂಗಾದ್ಲು? ಇವಳು ತಪ್ಪಿಸ್ಕೊಳ್ಳೋಳು ಕಣೆ. ತಪ್ಪಿಸ್ಕೊಳ್ಳೋಳು ಯಾವ ಕಡೆಗಾದ್ರೂ ತಿರುಗಬಹುದು. ನೀನು ಹಂಗೇ ತಿರುಗಿ ತಿರುಗಿ ಒಂದು ಟೀಮಿನ ಉಸಿರು ಬಿಡಿಸಿದ್ದೆ, ಮರೆತ್ಯಾ?"

ಫೋನ್ ಕಟ್ಟಾಯ್ತು. ಮೇಡಂ ಆ ಮಂಡಕ್ಕಿ ತಿನ್ನಲೇ ಇಲ್ಲ.

ಮಾರನೇ ದಿನದಿಂದ ಮೈದಾನದಾಗೆ ಬಾಲೇ ಇಲ್ಲ. ಹುಡುಗೇರನ್ನ ಎರಡು ಭಾಗ ಮಾಡಿ ಬರೀ ತಪ್ಪಿಸ್ಕೊಳ್ಳೋ ಆಟ. ಮೇಡಂ ತಾವೇ ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು ನಡುವೆ ಇಳಿದ್ರು. ಅಬ್ಬಬ್ಬಾ, ಆ ಕಾಲೇನು, ಆ ತಿರುಗೋದೇನು. ನನ್ನ ಬಾಣಲೆಯಾಗೆ ಮೆಣಸಿನಕಾಯಿ ಸೀದು ಹೋದವು. ಒಂದು ವಾರ ಆದ್ಮೇಲೆ ಬಾಲು ಬಂತು, ಓಟ ಅದೇ ಉಳೀತು.

ಆ ವರ್ಷಕ್ಕೆ ಉಳಿದಿದ್ದು ದಾವಣಗೆರೆ ಮ್ಯಾಚ್ ಒಂದೇ, ಅವತ್ತು ನಾನು ಗಾಡಿ ಮುಚ್ಚಿ ಟೀಮಿನ ಟೆಂಪೋ ಹತ್ತಿದೆ. ಮನೆಯಾಗೆ ಕುಂತಿದ್ರೆ ಎದೆ ಒಡೆದು ಹೋಗ್ತಿತ್ತು. ಮ್ಯಾಚ್ ಮುಗಿಯಾಕೆ ಬಂದ್ರೂ ಯಾರದ್ದೂ ಗೋಲಿಲ್ಲ. ಗೋಲಿಲ್ಲ ಅಂದ್ರೆ ಗೆಲುವಿಲ್ಲ, ಗೆಲುವಿಲ್ಲ ಅಂದ್ರೆ ಟೀಮಿಲ್ಲ. ಅಕ್ಷಿತಾ ಬಾಲು ತಗೊಂಡು ಹೊರಟ್ಳು. ಮೂಲೆಯಾಗೆ ಮೂವರು ಅವಳನ್ನ ಸುತ್ತುಗಟ್ಟಿದ್ರು. ನಾನು ಕಣ್ಣು ಮುಚ್ಚಿದೆ, ಇವಳು ನುಗ್ತಾಳೆ, ಬೀಳ್ತಾಳೆ, ಮುಗೀತು ಅಂತ. ಮೇಡಂ ನನ್ನ ತೋಳು ಹಿಡಿದ್ರು, ಉಗುರು ಇಳಿದ ಗುರುತು ಆಮೇಲೆ ಎರಡು ದಿನ ಇತ್ತು. ಕಣ್ಣು ಬಿಟ್ಟರೆ ಅಕ್ಷಿತಾ ಬೆನ್ನು ತಿರುಗಿಸಿ ಬಾಲನ್ನ ಹಿಂದಕ್ಕೆ ತಳ್ಳಿದ್ಲು. ಹಿಂದೆ ಅರ್ಪಿತಾ ಒಬ್ಬಳೇ ನಿಂತಿದ್ಲು. ಓಡಿ ಬಂದು ಒದ್ದಳು ನೋಡ್ರಿ, ಬಾಲು ಗೋಲಿನ ಬಲೆಗೆ ಹೋಗಿ ಬಿತ್ತು.

ಸೀಟಿ ಊದೋ ತನಕ ನಾನು ನಿಂತೇ ಇದ್ದೆ. ಹುಡುಗೇರು ಒಬ್ಬರ ಮ್ಯಾಲೊಬ್ಬರು ಬಿದ್ದು ಅಳ್ತಿದ್ರು, ನಗ್ತಿದ್ರು. ಮೇಡಂ ಮಾತ್ರ ಪಕ್ಕಕ್ಕೆ ಸರಿದು ಫೋನ್ ತೆಗೆದ್ರು. ನಾನೂ ಸರಿದೆ, ಬಿಡ್ತೀನಾ.

"ಅಪ್ಪಾ, ದಾವಣಗೆರೆಯಾಗಿದ್ದೀನಿ, ನಮ್ಮ ಹುಡುಗಿ ತಿರುಗಿದ್ಲು."

ಗೆದ್ರಾ ಅಂತ ಆಯಪ್ಪ ಕೇಳಲಿಲ್ಲ. "ದಾವಣಗೆರೆಯಿಂದ ಜಗಳೂರಿಗೆ ಬಸ್ ಐತಲ್ಲ" ಅಂದ್ರು.

ಹುಡುಗೇರನ್ನ ನನ್ನ ಕೈಗೆ ಒಪ್ಪಿಸಿ ಮೇಡಂ ಬಸ್ ಸ್ಟ್ಯಾಂಡಿಗೆ ಹೊರಟ್ರು. ಬ್ಯಾಗಿಲ್ಲ, ಬಟ್ಟೆಯಿಲ್ಲ, ಕೊರಳಾಗೆ ಸೀಟಿ ಹಂಗೇ ನೇತಾಡ್ತಿತ್ತು.